ಜಪಾನ್ ಪ್ರವಾಸ: ತಯಾರಿ ಹೇಗೆ, ನಮ್ಮೂರಿನ ಜೊತೆ ಹೋಲಿಕೆ ಹೇಗೆ

ಜಪಾನ್‌ಗೆ ಹೋಗಿ ಬಂದವರನ್ನು ಕೇಳಿ ನೋಡಿ. ಹೆಚ್ಚಿನವರು ಎರಡರಲ್ಲಿ ಒಂದು ಮಾತು ಹೇಳುತ್ತಾರೆ. "ಅಲ್ಲಿನ ಶಿಸ್ತು ನೋಡಿದ್ಮೇಲೆ ನಮ್ಮೂರಲ್ಲಿ ಓಡಾಡೋಕೇ ಬೇಜಾರು" ಅನ್ನುವುದು ಒಂದು. "ಎಷ್ಟೇ ಆಗ್ಲಿ, ನಮ್ಮ ಊಟ, ನಮ್ಮ ಜನ ಅಲ್ಲಿ ಸಿಗಲ್ಲ ಬಿಡಿ" ಅನ್ನುವುದು ಇನ್ನೊಂದು. ಎರಡರಲ್ಲೂ ಸ್ವಲ್ಪ ಸ್ವಲ್ಪ ನಿಜ ಇದೆ. ಆದರೆ ಎರಡೂ ಹುಟ್ಟಿದ್ದು ಒಂದೇ ತಪ್ಪು ಲೆಕ್ಕದಿಂದ. ಅಲ್ಲಿ ಕಳೆದ ರಜೆಯ ದಿನವನ್ನು ತಂದು ಇಲ್ಲಿ ಸಿಲ್ಕ್ ಬೋರ್ಡ್ ಸಿಗ್ನಲ್‌ನಲ್ಲಿ ನಿಂತ ಸೋಮವಾರದ ಪಕ್ಕ ಇಟ್ಟರೆ ಯಾವುದು ಗೆಲ್ಲುತ್ತದೆ ಅಂತ ಬೇರೆ ಹೇಳಬೇಕೇ?

ಹಾಗಾಗಿ ಈ ಮಾರ್ಗದರ್ಶಿಯಲ್ಲಿ ಟಿಕೆಟ್, ವೀಸಾ, ದುಡ್ಡು, ಊಟದ ಜೊತೆಗೆ ಇನ್ನೊಂದು ಹಂತವನ್ನೂ ಸೇರಿಸಿದ್ದೇನೆ. ಪ್ರವಾಸದಲ್ಲಿ ಒಂದು ಸಾಮಾನ್ಯ ದಿನವನ್ನು ಬೇಕಂತಲೇ ಇಟ್ಟುಕೊಳ್ಳುವುದು. ಅದು ಮುಂದೆ ಬರುತ್ತದೆ. ಮೊದಲು ದಿನಾಂಕ.

1. ಯಾವಾಗ ಹೋಗುವುದು

ಎಲ್ಲರೂ ಕೇಳುವುದು ಸಕುರಾ, ಅಂದರೆ ಚೆರ್ರಿ ಹೂವಿನ ಕಾಲ. ಟೋಕಿಯೊ, ಕ್ಯೋಟೊ ಕಡೆ ಅದು ಮಾರ್ಚ್ ಕೊನೆ, ಏಪ್ರಿಲ್ ಮೊದಲ ವಾರ. ಚೆಂದ ಹೌದು. ಆದರೆ ಹೋಟೆಲ್ ದರ ಏರಿರುತ್ತದೆ, ಜನವೋ ಜನ. ನಮ್ಮ ಶಾಲೆಗಳ ಬೇಸಿಗೆ ರಜೆ ಏಪ್ರಿಲ್-ಮೇ ತಿಂಗಳಲ್ಲಿ ಬರುವುದರಿಂದ ಕರ್ನಾಟಕದ ಕುಟುಂಬಗಳು ಸಾಮಾನ್ಯವಾಗಿ ಆಗಲೇ ಹೊರಡುತ್ತವೆ. ಅಲ್ಲೊಂದು ತೊಡಕಿದೆ. ಏಪ್ರಿಲ್ 29ರಿಂದ ಮೇ 5ರ ತನಕ ಜಪಾನಿಗರಿಗೂ ಸಾಲು ರಜೆ. ಅದನ್ನು ಅವರು ಗೋಲ್ಡನ್ ವೀಕ್ ಅನ್ನುತ್ತಾರೆ. ಇಡೀ ದೇಶವೇ ರೈಲು ಹತ್ತಿರುತ್ತದೆ. ಆ ವಾರ ಬಿಟ್ಟುಬಿಡಿ. ಹಿರಿಯರನ್ನು ನೆನೆಯುವ ಆಗಸ್ಟ್ ನಡುವಿನ ಒಬೋನ್ ಹಬ್ಬ, ಹೊಸ ವರ್ಷದ ದಿನಗಳು ಕೂಡ ಹಾಗೆಯೇ. ಜೂನ್‌ನಿಂದ ಜುಲೈ ಮಧ್ಯದ ತನಕ ಮಳೆ. ಆಗಸ್ಟ್‌ನ ಸೆಕೆ ಮಂಗಳೂರಿನವರಿಗೂ ಸಾಕು ಅನ್ನಿಸುತ್ತದೆ.

ನನ್ನ ಆಯ್ಕೆ ದಸರಾ ರಜೆ. ಅಕ್ಟೋಬರ್ ಹೊತ್ತಿಗೆ ಚಂಡಮಾರುತಗಳ ಕಾಟ ಇಳಿಯುತ್ತಾ ಬಂದಿರುತ್ತದೆ. ಬಿಸಿಲೂ ಕಡಿಮೆ, ಚಳಿಯೂ ಶುರುವಾಗಿರುವುದಿಲ್ಲ. ಕ್ಯೋಟೊದ ಕೆಂಪೆಲೆಗಳು ಬೇಕೇ ಬೇಕು ಅಂದರೆ ನವೆಂಬರ್ ಕೊನೆಗೆ ಹೋಗಬೇಕು. ಶಾಲೆಗೆ ಹೋಗುವ ಮಕ್ಕಳಿದ್ದರೆ ಅದು ಕಷ್ಟ.

2. ಪಾಸ್‌ಪೋರ್ಟ್, ವೀಸಾ, ಟಿಕೆಟ್

ನಮ್ಮ ಕಡೆಯವರ ದೊಡ್ಡ ತಲೆನೋವು ಇನಿಷಿಯಲ್. ಆಧಾರ್‌ನಲ್ಲಿ "ಕೆ. ಎಸ್." ಅಂತ ಇರುತ್ತದೆ, ಪಾಸ್‌ಪೋರ್ಟ್‌ನಲ್ಲಿ ಅದು ಊರಿನ ಹೆಸರು, ಅಪ್ಪನ ಹೆಸರಾಗಿ ಬಿಡಿಸಿಕೊಂಡಿರುತ್ತದೆ. ಕೆಲವರ ಪಾಸ್‌ಪೋರ್ಟ್‌ನಲ್ಲಿ ಸರ್‌ನೇಮ್ ಕಾಲಂ ಖಾಲಿಯೇ. ಟಿಕೆಟ್, ವೀಸಾ ಅರ್ಜಿ, ಎರಡರಲ್ಲೂ ಪಾಸ್‌ಪೋರ್ಟ್‌ನಲ್ಲಿ ಇದ್ದ ಹಾಗೇ ಹೆಸರು ಇರಬೇಕು. ಸರ್‌ನೇಮ್ ಇಲ್ಲದವರು ಟಿಕೆಟ್‌ಗೆ ದುಡ್ಡು ಕಟ್ಟುವ ಮುಂಚೆಯೇ ಏರ್‌ಲೈನ್‌ನವರನ್ನು ಕೇಳಿಕೊಳ್ಳಿ. ಒಂದೊಂದು ಕಂಪನಿಗೆ ಒಂದೊಂದು ಪದ್ಧತಿ ಇದೆ.

ಭಾರತದವರಿಗೆ ಜಪಾನ್ ವೀಸಾ ಬೇಕು. 2024ರ ಏಪ್ರಿಲ್‌ನಿಂದ ಪ್ರವಾಸಿಗಳಿಗೆ ಇ-ವೀಸಾ ಕೊಡುತ್ತಿದ್ದಾರೆ. ಅರ್ಜಿಯನ್ನು ಮಾತ್ರ ವೀಸಾ ಕೇಂದ್ರದ ಮೂಲಕವೇ ಕೊಡಬೇಕು, ಬೆಂಗಳೂರಿನಲ್ಲೂ ಕೇಂದ್ರ ಇದೆ. ಬ್ಯಾಂಕ್ ಸ್ಟೇಟ್‌ಮೆಂಟ್, ಐಟಿ ರಿಟರ್ನ್, ಟಿಕೆಟ್ ಬುಕಿಂಗ್, ಯಾವ ದಿನ ಎಲ್ಲಿರುತ್ತೀರಿ ಅನ್ನುವ ಪಟ್ಟಿ ಕೇಳುತ್ತಾರೆ. ಒಮ್ಮೆ ಹೋಗಿಬರುವ ವೀಸಾವನ್ನು ಸಾಮಾನ್ಯವಾಗಿ 3 ತಿಂಗಳೊಳಗೆ ಬಳಸಬೇಕು. ಹಾಗಾಗಿ ಆರು ತಿಂಗಳು ಮುಂಚೆ ಹೋಗಿ ಸಾಲಿನಲ್ಲಿ ನಿಂತು ಪ್ರಯೋಜನವಿಲ್ಲ. ಒಂದೂವರೆ ತಿಂಗಳು ಮುಂಚೆ ಸಾಕು.

ಒಂದು ಸಣ್ಣ ವಿಷಯ ಗಟ್ಟಿಯಾಗಿ ನೆನಪಿಡಿ. ಇ-ವೀಸಾವನ್ನು ವಿಮಾನ ನಿಲ್ದಾಣದಲ್ಲಿ ಫೋನ್‌ನಲ್ಲಿ, ಇಂಟರ್ನೆಟ್ ಮೂಲಕ, ಅವರ ವೆಬ್‌ಸೈಟ್ ತೆರೆದೇ ತೋರಿಸಬೇಕು. ಸ್ಕ್ರೀನ್‌ಶಾಟ್ ನಡೆಯುವುದಿಲ್ಲ, ಪ್ರಿಂಟ್ ನಡೆಯುವುದಿಲ್ಲ. ಅಪ್ಪ ಅಮ್ಮನ ಫೋನ್‌ನಲ್ಲಿ ಡೇಟಾ ಇರುವ ಹಾಗೆ ನೋಡಿಕೊಳ್ಳಿ, ಇಲ್ಲವೇ ಎಲ್ಲರದ್ದೂ ನಿಮ್ಮ ಫೋನ್‌ನಲ್ಲೇ ತೆರೆಯುವಂತೆ ಇಟ್ಟುಕೊಳ್ಳಿ.

ಬೆಂಗಳೂರಿನಿಂದ ಟೋಕಿಯೊದ ನರಿತಾಗೆ ಜಪಾನ್ ಏರ್‌ಲೈನ್ಸ್‌ನ ನೇರ ವಿಮಾನ ಇದೆ. ಹೋಗುವಾಗ ಸುಮಾರು 8 ಗಂಟೆ, ಬರುವಾಗ ಗಾಳಿ ಎದುರಾಗುವುದರಿಂದ ಜಾಸ್ತಿ. ಸಿಂಗಾಪುರ, ಬ್ಯಾಂಕಾಕ್, ಕೌಲಾಲಂಪುರದ ಮೂಲಕ ಹೋದರೆ ಸಾಮಾನ್ಯವಾಗಿ ಅಗ್ಗ. ನನ್ನ ಸಲಹೆ: ಟೋಕಿಯೊದಲ್ಲಿ ಇಳಿದು ಒಸಾಕಾದ ಕನ್ಸಾಯ್ ನಿಲ್ದಾಣದಿಂದ ಮರಳುವ ಟಿಕೆಟ್ ಕೂಡ ಹುಡುಕಿ ನೋಡಿ. ವಾಪಸ್ ಟೋಕಿಯೊಗೆ ಬರುವ ಬುಲೆಟ್ ರೈಲಿನ ದುಡ್ಡು, ಅರ್ಧ ದಿನ, ಎರಡೂ ಉಳಿಯುತ್ತವೆ.

3. ಎಷ್ಟು ಊರು, ಎಷ್ಟು ಖರ್ಚು

ಎಂಟು ಹತ್ತು ದಿನಕ್ಕೆ ಟೋಕಿಯೊ, ಕ್ಯೋಟೊ, ಒಸಾಕಾ ಸಾಕು. ಹಿರೋಶಿಮಾ, ಹೊಕ್ಕೈಡೊ ಎಲ್ಲ ತುರುಕಬೇಡಿ.

ಒಂದು ಯೆನ್ ಅಂದರೆ ಅರ್ಧ ರೂಪಾಯಿಯ ಆಸುಪಾಸು. ಹೋಗುವ ವಾರದ ದರವನ್ನು ನೋಡಿಕೊಂಡು ಲೆಕ್ಕ ಹಾಕಿ. ಇಬ್ಬರಿಗೆ ಸಾಧಾರಣ ಬಿಸಿನೆಸ್ ಹೋಟೆಲ್ ರೂಮು ರಾತ್ರಿಗೆ 10,000ದಿಂದ 15,000 ಯೆನ್. ರೂಮು ಚಿಕ್ಕದು, ಎರಡು ಸೂಟ್‌ಕೇಸ್ ಬಿಚ್ಚಿಟ್ಟರೆ ಕಾಲಿಡಲು ಜಾಗವಿಲ್ಲ. ಸಾದಾ ಊಟ 800ರಿಂದ 1,200 ಯೆನ್. ನಗರದೊಳಗೆ ಒಂದು ಸಲ ರೈಲು ಹತ್ತಿ ಇಳಿದರೆ ಹೆಚ್ಚಾಗಿ 180ರಿಂದ 300 ಯೆನ್. ಟೋಕಿಯೊದಿಂದ ಕ್ಯೋಟೊಗೆ ಬುಲೆಟ್ ರೈಲು ಸುಮಾರು 14,000 ಯೆನ್, ಎರಡೂಕಾಲು ಗಂಟೆ.

ಜೆಆರ್ ಕಂಪನಿಗಳ ರೈಲುಗಳಲ್ಲಿ ಇಷ್ಟು ದಿನ ಅಂತ ಓಡಾಡಲು ಪ್ರವಾಸಿಗರಿಗೆ ಕೊಡುವ ಜೆಆರ್ ಪಾಸ್ ತಗೊಳ್ಳಿ ಅಂತ ಹಳೆಯ ಪ್ರವಾಸಿಗರು ಇವತ್ತಿಗೂ ಹೇಳುತ್ತಾರೆ. 2023ರ ಅಕ್ಟೋಬರ್‌ನಲ್ಲಿ 7 ದಿನದ ಪಾಸ್‌ನ ದರ 50,000 ಯೆನ್‌ಗೆ ಏರಿತು. ಟೋಕಿಯೊ-ಕ್ಯೋಟೊ ಹೋಗಿ ಬಂದರೂ 28,000 ಯೆನ್ ಆಗುವುದರಿಂದ ಈ ಪ್ರವಾಸಕ್ಕೆ ಪಾಸ್ ದಂಡ. ಬಿಡಿ ಟಿಕೆಟ್ ತಗೊಳ್ಳಿ. ಸೂಟ್‌ಕೇಸ್‌ನ ಉದ್ದ, ಅಗಲ, ಎತ್ತರ ಕೂಡಿಸಿ 160 ಸೆಂ.ಮೀ. ದಾಟಿದರೆ ಬುಲೆಟ್ ರೈಲಿನಲ್ಲಿ ಲಗೇಜ್ ಜಾಗ ಇರುವ ಸೀಟನ್ನೇ ಮುಂಗಡ ಕಾಯ್ದಿರಿಸಬೇಕು. ಅದಕ್ಕಿಂತ ಸುಲಭದ ದಾರಿ ಅಂದರೆ ಹೋಟೆಲ್ ಕೌಂಟರ್‌ನಲ್ಲೇ ಪೆಟ್ಟಿಗೆ ಕೊಟ್ಟು ಮುಂದಿನ ಊರಿನ ಹೋಟೆಲ್‌ಗೆ ಕೊರಿಯರ್ ಮಾಡಿಸುವುದು. ಸಾಮಾನ್ಯವಾಗಿ ಮರುದಿನ ತಲುಪುತ್ತದೆ. ವಯಸ್ಸಾದವರು ಜೊತೆಗಿದ್ದರೆ ಈ ಖರ್ಚಿಗೆ ಹಿಂದೆಮುಂದೆ ನೋಡಬೇಡಿ. ಅಲ್ಲಿನ ಸ್ಟೇಷನ್‌ಗಳಲ್ಲಿ ನಡೆಯುವುದು ಸುಮ್ನೆ ಅಲ್ಲ. ಹೋಗುವ ತಿಂಗಳು ಮುಂಚೆಯೇ ಮನೆಯವರೆಲ್ಲ ದಿನಾ ಒಂದು ಗಂಟೆ ನಡೆಯುವ ಅಭ್ಯಾಸ ಶುರುಮಾಡುವುದು ಒಳ್ಳೆಯದು.

ದುಡ್ಡಿನ ವಿಷಯದಲ್ಲಿ ನಮಗೆ ಅಚ್ಚರಿಯಾಗುವ ಸಂಗತಿ ಒಂದಿದೆ. ಇಲ್ಲಿ ಪಾನಿಪುರಿ ಗಾಡಿಯಲ್ಲೂ ಕ್ಯೂಆರ್ ಕೋಡ್. ಅಲ್ಲಿ ಎಷ್ಟೋ ಸಣ್ಣ ಊಟದ ಅಂಗಡಿ, ದೇವಸ್ಥಾನಗಳಲ್ಲಿ ಈಗಲೂ ನಗದೇ. ದಿನಕ್ಕೆ ಕೆಲವು ಸಾವಿರ ಯೆನ್ ಜೇಬಿನಲ್ಲಿರಲಿ. ಸೆವೆನ್-ಇಲೆವೆನ್ ಅಂಗಡಿಗಳ ಎಟಿಎಂನಲ್ಲಿ ನಮ್ಮ ಅಂತಾರಾಷ್ಟ್ರೀಯ ಕಾರ್ಡ್ ನಡೆಯುತ್ತದೆ. ಕಾರ್ಡ್ ಉಜ್ಜುವಾಗ "ರೂಪಾಯಿಯೋ ಯೆನ್ನೋ" ಅಂತ ಮಶೀನು ಕೇಳಿದರೆ ಯಾವಾಗಲೂ ಯೆನ್ ಒತ್ತಿ. ರೂಪಾಯಿ ಒತ್ತಿದರೆ ಅವರು ಹೇಳಿದ್ದೇ ದರ. ರೈಲಿಗೆ ಮೊದಲೇ ದುಡ್ಡು ತುಂಬಿಸಿಕೊಳ್ಳುವ ಸುಯಿಕಾ ಅಥವಾ ಇಕೋಕಾ ಕಾರ್ಡ್ ಒಂದಿದ್ದರೆ ಬಸ್ಸು, ರೈಲು, ಅಂಗಡಿ ಎಲ್ಲಕ್ಕೂ ಆಗುತ್ತದೆ.

4. ಊಟ

ಸಸ್ಯಾಹಾರಿಗಳು ಈ ಭಾಗವನ್ನು ನಿಧಾನವಾಗಿ ಓದಿ.

ಜಪಾನಿನ ಅಡುಗೆಯ ಬುಡದಲ್ಲಿ ದಶಿ ಅನ್ನುವ ಸಾರು ಇದೆ. ಹೆಚ್ಚಾಗಿ ಅದನ್ನು ಒಣಗಿಸಿದ ಮೀನಿನ ಚೂರುಗಳಿಂದ ಮಾಡುತ್ತಾರೆ. ಮಿಸೊ ಅನ್ನುವ ಸೋಯಾ ಹಿಟ್ಟಿನ ಸೂಪು, ಉಡಾನ್ ಅನ್ನುವ ದಪ್ಪ ನೂಡಲ್ಸ್, ತರಕಾರಿ ಬೇಯಿಸಿದ್ದು, ಎಲ್ಲದರಲ್ಲೂ ಅದು ಇರುತ್ತದೆ. ಕಣ್ಣಿಗೆ ಮೀನು ಕಾಣುವುದಿಲ್ಲ, ಬಡಿಸುವವರಿಗೆ ಅದು ಮಾಂಸ ಅಂತ ಅನ್ನಿಸುವುದೂ ಇಲ್ಲ. "ವೆಜಿಟೇರಿಯನ್" ಅಂತ ಹೇಳಿ ಸುಮ್ಮನಾದರೆ ಸಾಲದು. ಮಾಂಸ, ಮೀನು, ಮೀನಿನ ದಶಿ ಮೂರೂ ಬೇಡ ಅಂತ ಜಪಾನಿ ಭಾಷೆಯಲ್ಲಿ ಬರೆದ ಚೀಟಿಯನ್ನು ಫೋನ್‌ನಲ್ಲಿ ಇಟ್ಟುಕೊಂಡು ತೋರಿಸಿ.

ಒಳ್ಳೆಯ ಸುದ್ದಿ ಏನೆಂದರೆ, ಅಲ್ಲಿನ ಬೌದ್ಧ ಮಠಗಳಲ್ಲಿ ಶೋಜಿನ್ ರ್ಯೋರಿ ಅನ್ನುವ ಅಡುಗೆ ಇದೆ. ಮಾಂಸ ಮೀನು ಇಲ್ಲ, ಈರುಳ್ಳಿ ಬೆಳ್ಳುಳ್ಳಿಯೂ ಇಲ್ಲ. ಸಾರಿಗೆ ಕಡಲಪಾಚಿ, ಅಣಬೆ. ಒಸಾಕಾದಿಂದ ದಕ್ಷಿಣಕ್ಕೆ ಕೋಯಾ ಬೆಟ್ಟದ ಮೇಲೆ ಮಠಗಳಲ್ಲೇ ರಾತ್ರಿ ಉಳಿಯಬಹುದು. ಊಟ, ಬೆಳಗಿನ ಪೂಜೆ ಎರಡಕ್ಕೂ ಕೂರಬಹುದು. ಮಡಿ ಮಾಡುವ ಅಜ್ಜಿಯನ್ನೂ ನಾನು ಧೈರ್ಯವಾಗಿ ಅಲ್ಲಿಗೆ ಕಳಿಸುತ್ತೇನೆ. ಒಂದು ರಾತ್ರಿ ಅದಕ್ಕೆ ಮೀಸಲಿಡಿ.

ಮನೆಯಿಂದ ಏನು ಒಯ್ಯಬಹುದು? ಚಟ್ನಿಪುಡಿ, ಗೊಜ್ಜವಲಕ್ಕಿ ಮಿಕ್ಸ್, ಖಾಕ್ರಾ, ಚಕ್ಕುಲಿ, ಪ್ಯಾಕೆಟ್‌ನಲ್ಲಿ ಬರುವ ರೆಡಿ ಉಪ್ಪಿಟ್ಟು ಇವಕ್ಕೆ ತೊಂದರೆ ಇಲ್ಲ. ಹಸಿ ಕರಿಬೇವು, ಹಸಿಮೆಣಸಿನಕಾಯಿ, ಮಾವಿನಹಣ್ಣು, ಅಕ್ಕಿ, ಬೇಳೆ ಬೇಡ. ಗಿಡಮೂಲದ ಹಸಿ ವಸ್ತುಗಳಿಗೆ ತಪಾಸಣೆ ಪ್ರಮಾಣಪತ್ರ ಕೇಳುತ್ತಾರೆ. ಮಾಂಸದ ತಿಂಡಿಗಳಿಗೆ ನಿಷೇಧವೇ ಇದೆ. ಸಣ್ಣ ಎಲೆಕ್ಟ್ರಿಕ್ ಕುಕ್ಕರ್ ಒಯ್ಯುವ ಆಸೆಯೂ ಬೇಡ. ಅಲ್ಲಿ ಕರೆಂಟು 100 ವೋಲ್ಟ್. ನಮ್ಮ 230 ವೋಲ್ಟ್‌ನ ಕುಕ್ಕರ್‌ಗೆ ಅದು ಕೊಡುವ ಶಾಖ ಐದನೇ ಒಂದು ಭಾಗವೂ ಅಲ್ಲ, ಅನ್ನ ಬೇಯುವ ಹೊತ್ತಿಗೆ ಬೆಳಗಾಗುತ್ತದೆ. ಫೋನ್ ಚಾರ್ಜರ್‌ಗಳು ನಡೆಯುತ್ತವೆ, ಎರಡು ಚಪ್ಪಟೆ ಕಡ್ಡಿಯ ಅಡಾಪ್ಟರ್ ಸಾಕು. ಟೋಕಿಯೊದ ನಿಶಿಕಸಾಯ್ ಬಡಾವಣೆಯಲ್ಲಿ ಭಾರತೀಯರು ಜಾಸ್ತಿ, ನಮ್ಮ ದಿನಸಿ ಅಂಗಡಿ, ಹೋಟೆಲ್‌ಗಳೂ ಇವೆ. ನಾಲಿಗೆ ತೀರಾ ಹಟ ಮಾಡಿದರೆ ಅತ್ತ ಹೋಗಿ.

ಔಷಧಿ ಬಗ್ಗೆಯೂ ಇಲ್ಲೇ ಹೇಳಿಬಿಡುತ್ತೇನೆ. ಬಿಪಿ, ಶುಗರ್ ಮಾತ್ರೆಗಳನ್ನು ಒಂದು ತಿಂಗಳ ಮಟ್ಟಿಗೆ, ಡಾಕ್ಟರ ಚೀಟಿಯೊಂದಿಗೆ ಒಯ್ಯಬಹುದು. ಆದರೆ ಸುಡೋಎಫೆಡ್ರಿನ್ ಹೆಚ್ಚಿರುವ ನೆಗಡಿ ಮಾತ್ರೆಗಳಿಗೆ ಅಲ್ಲಿ ನಿಷೇಧ ಇದೆ. ಕೋಡೀನ್ ಇರುವ ಕೆಮ್ಮಿನ ಔಷಧಿಯನ್ನೂ ಬಿಟ್ಟು ಹೋಗಿ. ಪೆಟ್ಟಿಗೆ ಕಟ್ಟುವ ಮುಂಚೆ ಸ್ಟ್ರಿಪ್‌ನ ಹಿಂಭಾಗ ಓದಿ. ಪ್ರವಾಸ ವಿಮೆ ಕಡ್ಡಾಯವಿಲ್ಲದಿದ್ದರೂ ಮಾಡಿಸಿ.

5. ಮನೆಯನ್ನು ಬಿಟ್ಟು ಹೊರಡುವಾಗ

ಹಾಲಿನವರಿಗೆ, ಪೇಪರ್‌ನವರಿಗೆ ಹೇಳುವುದು, ಗ್ಯಾಸ್ ರೆಗ್ಯುಲೇಟರ್ ತೆಗೆಯುವುದು, ಮೋಟಾರ್ ಸ್ವಿಚ್, ಗಿಡಕ್ಕೆ ನೀರು, ಪಕ್ಕದ ಮನೆಯ ಆಂಟಿ ಹತ್ತಿರ ಒಂದು ಬೀಗದ ಕೈ. ಸಮಯದ ವ್ಯತ್ಯಾಸ ಮೂರೂವರೆ ಗಂಟೆ, ಅವರು ಮುಂದೆ. ನೀವು ರಾತ್ರಿ ಒಂಬತ್ತಕ್ಕೆ ಹೋಟೆಲ್ ಸೇರಿ ಫೋನ್ ಮಾಡಿದರೆ ಮನೆಯಲ್ಲಿ ಸಂಜೆ ಐದೂವರೆ, ಕಾಫಿ ಹೊತ್ತು. ಮಾತಾಡಲು ಇದಕ್ಕಿಂತ ಒಳ್ಳೆಯ ಸಮಯ ಸಿಗಲಾರದು.

6. ಒಂದು ಸಾಮಾನ್ಯ ದಿನ

ಇದು ನಾನು ಮೊದಲೇ ಹೇಳಿದ ಹಂತ. ಪಟ್ಟಿಯಲ್ಲಿ ಯಾವ ದೇವಸ್ಥಾನ, ಟವರ್, ಮ್ಯೂಸಿಯಂ ಇಲ್ಲದ ಒಂದು ದಿನ ಇಟ್ಟುಕೊಳ್ಳಿ. ಪ್ರವಾಸದ ನಡುವೆ ಬರಲಿ, ವಾರದ ದಿನವಾಗಿರಲಿ.

ಬೆಳಿಗ್ಗೆ ಎಂಟು ಗಂಟೆಯ ಲೋಕಲ್ ರೈಲು ಒಮ್ಮೆ ಹತ್ತಿ. ಲಗೇಜ್ ಬೇಡ, ಚಿಕ್ಕ ಮಕ್ಕಳನ್ನು ಕರೆದೊಯ್ಯಬೇಡಿ. ಫೋನ್ ಸೈಲೆಂಟ್. ಅಷ್ಟು ಜನ ಒತ್ತಿಕೊಂಡು ನಿಂತಿದ್ದರೂ ಯಾರೂ ಮಾತಾಡುವುದಿಲ್ಲ. ನಿದ್ದೆಗಣ್ಣಿನ ಮುಖಗಳನ್ನು ನೋಡಿದರೆ, ಮೆಜೆಸ್ಟಿಕ್‌ನಲ್ಲಿ ಮೆಟ್ರೊ ಬದಲಿಸುವವರ ಮುಖ ನೆನಪಾಗುತ್ತದೆ. ಆಮೇಲೆ ಯಾವುದಾದರೂ ವಸತಿ ಬಡಾವಣೆಯಲ್ಲಿ ಇಳಿದು ನಡೆಯಿರಿ. ಸೂಪರ್‌ಮಾರ್ಕೆಟ್‌ಗೆ ಹೋಗಿ ಹಣ್ಣು ತರಕಾರಿಯ ಬೆಲೆ ನೋಡಿ. ಕಾಯಿನ್ ಲಾಂಡ್ರಿಯಲ್ಲಿ ಬಟ್ಟೆ ಹಾಕಿ, ಅದು ತಿರುಗುವ ತನಕ ಕೂತಿರಿ. ಶಾಲೆ ಬಿಡುವ ಹೊತ್ತಿಗೆ ಪುಟ್ಟ ಮಕ್ಕಳು ತಾವೇ ನಡೆದು ಮನೆಗೆ ಹೋಗುವುದು ಕಾಣುತ್ತದೆ. ಸಂಜೆ ಸೆಂಟೊ ಅನ್ನುವ ಸಾರ್ವಜನಿಕ ಸ್ನಾನದ ಮನೆಗೆ ಹೋಗಬಹುದು. ಟೋಕಿಯೊದಲ್ಲಿ 550 ಯೆನ್ ಸುಮಾರು. ಬಟ್ಟೆ ಪೂರ್ತಿ ತೆಗೆಯಬೇಕು, ನೀರಿಗಿಳಿಯುವ ಮುಂಚೆ ಸೋಪು ಹಚ್ಚಿ ತೊಳೆದುಕೊಳ್ಳಬೇಕು. ಸಂಕೋಚ ಆದರೆ ಬಿಡಿ, ಪರವಾಗಿಲ್ಲ.

ವಸತಿ ಬಡಾವಣೆಯ ಸಣ್ಣ ದಾರಿಗಳಲ್ಲಿ ಸದ್ದು ಮಾಡಬೇಡಿ, ಮನೆಗಳ ಫೋಟೊ ತೆಗೆಯಬೇಡಿ. ಕ್ಯೋಟೊದ ಗಿಯೋನ್ ಅನ್ನುವ ಹಳೆಯ ಬಡಾವಣೆಯಲ್ಲಿ ಪ್ರವಾಸಿಗರ ಕಾಟ ತಾಳಲಾರದೆ 2024ರಲ್ಲಿ ಕೆಲವು ಖಾಸಗಿ ಗಲ್ಲಿಗಳಿಗೆ ಪ್ರವೇಶವನ್ನೇ ನಿಲ್ಲಿಸಿ 10,000 ಯೆನ್ ದಂಡದ ಬೋರ್ಡ್ ಹಾಕಿದ್ದಾರೆ. ಅವರ ಮನೆ ಬಾಗಿಲು ನಮ್ಮ ಸೆಲ್ಫಿ ಜಾಗ ಆಗಬಾರದು, ಅಲ್ವಾ?

7. ಹೋಲಿಸುವಾಗ ಕಾರಣ ಹುಡುಕಿ

"ಅಲ್ಲಿ ಎಲ್ಲಾ ಕಾಸ್ಟ್ಲಿ" ಅನ್ನುವುದರಿಂದ ಶುರುಮಾಡೋಣ. ಯೆನ್ ಅನ್ನು ರೂಪಾಯಿಗೆ ತಿರುಗಿಸಿದರೆ ನಮಗೆ ಎಷ್ಟು ಬೀಳುತ್ತದೆ ಅಂತ ತಿಳಿಯುತ್ತದೆ. ಅಲ್ಲಿ ಬದುಕುವವರಿಗೆ ಎಷ್ಟು ಅಂತ ತಿಳಿಯುವುದಿಲ್ಲ. ಅದಕ್ಕೆ ದುಡಿಮೆಯ ಗಂಟೆಯಲ್ಲಿ ಅಳೆಯಿರಿ. ಟೋಕಿಯೊದಲ್ಲಿ ಕನಿಷ್ಠ ಕೂಲಿ ಗಂಟೆಗೆ 1,100 ಯೆನ್‌ಗಿಂತ ಜಾಸ್ತಿ. ಅಗ್ಗದ ಒಂದು ಬಟ್ಟಲು ಊಟ 500 ಯೆನ್ ಆಸುಪಾಸು, ಅಂದರೆ ಅರ್ಧ ಗಂಟೆಯ ದುಡಿಮೆ. ನಮ್ಮಲ್ಲಿ ದಿನಕ್ಕೆ ಎಂಟು ಗಂಟೆಗೆ 650 ರೂಪಾಯಿ ದುಡಿಯುವವರಿಗೆ ದರ್ಶಿನಿಯ 80 ರೂಪಾಯಿ ಊಟ ಒಂದು ಗಂಟೆಯ ದುಡಿಮೆ. ಹೀಗೆ ನೋಡಿದಾಗ ಅಗ್ಗ ಯಾವುದು, ದುಬಾರಿ ಯಾವುದು ಅನ್ನುವುದೇ ತಿರುಗಾಮುರುಗಾ ಆಗುತ್ತದೆ.

ರಸ್ತೆಯಲ್ಲಿ ಕಾರು ನಿಲ್ಲಿಸಿರುವುದಿಲ್ಲ ಅನ್ನುವುದು ಎಲ್ಲರ ಕಣ್ಣಿಗೂ ಬೀಳುತ್ತದೆ. ಅದಕ್ಕೆ ಜನರ ಒಳ್ಳೆಯತನ ಒಂದೇ ಕಾರಣ ಅಂದುಕೊಳ್ಳಬೇಡಿ. 1962ರ ಒಂದು ಕಾಯ್ದೆಯ ಪ್ರಕಾರ, ಹೆಚ್ಚಿನ ಊರುಗಳಲ್ಲಿ ಕಾರು ನೋಂದಣಿಗೆ ಮುಂಚೆ ಪಾರ್ಕಿಂಗ್ ಜಾಗ ಇದೆ ಅಂತ ಪೊಲೀಸರಿಂದ ಪ್ರಮಾಣಪತ್ರ ತರಬೇಕು. ಆ ಜಾಗ ಮನೆಯಿಂದ 2 ಕಿ.ಮೀ. ಒಳಗಿರಬೇಕು. ನಮ್ಮಲ್ಲಿ ಮೊದಲು ಕಾರು ಬರುತ್ತದೆ, ಜಾಗ ಆಮೇಲೆ ಎದುರುಮನೆಯವರ ಗೇಟಿನ ಮುಂದೆ ಸಿಗುತ್ತದೆ.

ಕಸದ ಕಥೆ ಇನ್ನೂ ಸ್ವಾರಸ್ಯ. ಅಷ್ಟು ಚೊಕ್ಕ ಊರಿನಲ್ಲಿ ಕಸದ ಬುಟ್ಟಿಯೇ ಸಿಗುವುದಿಲ್ಲ. 1995ರಲ್ಲಿ ಟೋಕಿಯೊದ ಸುರಂಗ ರೈಲಿನಲ್ಲಿ ಸರಿನ್ ವಿಷಾನಿಲದ ದಾಳಿ ಆದ ಮೇಲೆ ಭದ್ರತೆಗಾಗಿ ಬುಟ್ಟಿಗಳನ್ನು ತೆಗೆದರು, ಎಷ್ಟೋ ಕಡೆ ಮತ್ತೆ ಇಡಲೇ ಇಲ್ಲ. ಜನ ಕಸವನ್ನು ಚೀಲದಲ್ಲಿಟ್ಟು ಮನೆಗೆ ಒಯ್ಯುತ್ತಾರೆ. ನೀವೂ ಒಂದು ಖಾಲಿ ಕವರ್ ಇಟ್ಟುಕೊಳ್ಳಿ. ಹಸಿ ಕಸ, ಒಣ ಕಸ ಬೇರೆ ಮಾಡುವುದು ನಮಗೂ ಗೊತ್ತು. ಅಲ್ಲಿ ಎಷ್ಟೋ ಕಡೆ ತಪ್ಪಾಗಿ ಬೇರ್ಪಡಿಸಿದ ಚೀಲಕ್ಕೆ ಚೀಟಿ ಅಂಟಿಸಿ ಅಲ್ಲೇ ಬಿಟ್ಟು ಹೋಗುತ್ತಾರೆ. ಅಕ್ಕಪಕ್ಕದವರೆಲ್ಲ ನೋಡುತ್ತಾರೆ. ಇಲ್ಲಿ ಗಾಡಿಯವರು ಬೈದುಕೊಂಡೇ ತುಂಬಿಕೊಂಡು ಹೋಗುತ್ತಾರೆ.

ರೈಲನ್ನು ಹೋಲಿಸುವಾಗ ವಯಸ್ಸನ್ನೂ ನೋಡಿ. ಟೋಕಿಯೊದಲ್ಲಿ ಮೊದಲ ಸುರಂಗ ರೈಲು ಓಡಿದ್ದು 1927ರಲ್ಲಿ, ನಮ್ಮ ಮೆಟ್ರೊ ಓಡಿದ್ದು 2011ರಲ್ಲಿ. ಅದೂ ಅಲ್ಲದೆ ಅಲ್ಲಿನ ಖಾಸಗಿ ರೈಲು ಕಂಪನಿಗಳು ಟಿಕೆಟ್ ದುಡ್ಡೊಂದನ್ನೇ ನಂಬಿಲ್ಲ. ಒಸಾಕಾದ ಹಾಂಕ್ಯು ಕಂಪನಿ ನೂರು ವರ್ಷಕ್ಕೂ ಹಿಂದೆಯೇ ಹಳಿಯ ಪಕ್ಕದಲ್ಲಿ ಬಡಾವಣೆ ಕಟ್ಟಿ ಮನೆ ಮಾರಿತು. ಆಮೇಲೆ 1929ರಲ್ಲಿ ಉಮೇಡಾ ಸ್ಟೇಷನ್‌ನಲ್ಲೇ ದೊಡ್ಡ ಅಂಗಡಿ ತೆರೆಯಿತು. ನಮ್ಮಲ್ಲಿ ಮೆಟ್ರೊ ಬಂದ ಕಡೆ ಸೈಟಿನ ಬೆಲೆ ಏರುತ್ತದೆ, ಆ ಲಾಭದಲ್ಲಿ ಮೆಟ್ರೊಗೆ ಎಷ್ಟು ಸೇರುತ್ತದೆ ಅನ್ನುವುದು ಕೇಳಬೇಕಾದ ಪ್ರಶ್ನೆ.

ನಾವು ಗೆಲ್ಲುವ ಜಾಗಗಳೂ ಇವೆ, ಅವನ್ನು ಬರೆದಿಟ್ಟುಕೊಳ್ಳಲು ಯಾರಿಗೂ ನೆನಪಿರುವುದಿಲ್ಲ. ಅಲ್ಲಿ ಹೆಚ್ಚಿನ ರಸ್ತೆಗಳಿಗೆ ಹೆಸರೇ ಇಲ್ಲ, ವಿಳಾಸ ಅಂದರೆ ಬ್ಲಾಕ್ ನಂಬರು, ಕಟ್ಟಡದ ನಂಬರು. ಜಯನಗರದ ಮೇನ್, ಕ್ರಾಸ್ ಲೆಕ್ಕ ಎಷ್ಟೋ ವಾಸಿ. ಮಧ್ಯರಾತ್ರಿ ದಾಟುತ್ತಿದ್ದಂತೆ ರೈಲು ನಿಲ್ಲುತ್ತದೆ, ಆಮೇಲೆ ಟ್ಯಾಕ್ಸಿ ಮೀಟರ್ ನೋಡಿದರೆ ಎದೆ ಧಸಕ್ ಅನ್ನುತ್ತದೆ. ಹರಿದ ಬ್ಯಾಗಿನ ಜಿಪ್ಪನ್ನು ರಸ್ತೆ ಬದಿಯಲ್ಲಿ ಐದು ನಿಮಿಷದಲ್ಲಿ ಹಾಕಿಕೊಡುವವರು ಅಲ್ಲಿ ಸಿಗುವುದಿಲ್ಲ. ಅಂಗಡಿಯವರು ತಲೆಬಾಗಿ ನಮಸ್ಕರಿಸುತ್ತಾರೆ, ಆದರೆ "ಏನಮ್ಮಾ, ಈ ವಾರ ಕಾಣಲೇ ಇಲ್ಲ" ಅಂತ ಕೇಳುವುದಿಲ್ಲ. ಕೆಲವರಿಗೆ ಆ ದೂರವೇ ಹಿತ. ನನಗೆ ನಾಲ್ಕು ದಿನಕ್ಕೆ ಹಿತ, ಅದಕ್ಕಿಂತ ಜಾಸ್ತಿ ಬೇಡ.

8. ವಾಪಸ್ ಬಂದ ಮೇಲೆ

ವಿದೇಶಿ ಹಣ ತುಂಬಿಸಿಕೊಂಡು ಹೋದ ಫೊರೆಕ್ಸ್ ಕಾರ್ಡ್‌ನಲ್ಲಿ ಉಳಿದ ದುಡ್ಡನ್ನು ಖಾತೆಗೆ ಹಾಕಿಸಿಕೊಳ್ಳಿ. ಟೂರ್ ಪ್ಯಾಕೇಜ್‌ನಲ್ಲಿ ಹೋಗಿದ್ದರೆ ಅವರು ಪ್ಯಾಕೇಜ್ ದುಡ್ಡಿನ ಜೊತೆಗೇ ಹಿಡಿದ ಟಿಸಿಎಸ್ ಅನ್ನುವ ತೆರಿಗೆಯ ಚೀಟಿ ಕೇಳಿ ಇಸ್ಕೊಳ್ಳಿ, ಐಟಿ ರಿಟರ್ನ್‌ನಲ್ಲಿ ಅದು ನಿಮ್ಮ ತೆರಿಗೆಗೆ ಹೊಂದಾಣಿಕೆ ಆಗುತ್ತದೆ. ತುಂಬಾ ಜನ ಇದನ್ನು ಮರೆತೇಬಿಡುತ್ತಾರೆ. ನೆಂಟರಿಗೆ ತಂದ ಸಿಹಿ ಹಂಚುವ ಮುಂಚೆ ಡಬ್ಬದ ಹಿಂಭಾಗವನ್ನು ಫೋನ್‌ನ ಕ್ಯಾಮೆರಾದಲ್ಲಿ ಅನುವಾದ ಮಾಡಿ ಓದಿ. ಮೆತ್ತನೆಯ ಜೆಲ್ಲಿ, ಮಾರ್ಷ್‌ಮ್ಯಾಲೊ ಥರದವುಗಳಲ್ಲಿ ಪ್ರಾಣಿಗಳ ಮೂಳೆ, ಚರ್ಮದಿಂದ ಮಾಡುವ ಜೆಲಟಿನ್ ಇರಬಹುದು. ಅತ್ತೆಯವರು ಎರಡು ತಿಂದ ಮೇಲೆ ಓದುವುದಕ್ಕಿಂತ ಅಂಗಡಿಯಲ್ಲೇ ಓದಿಕೊಂಡು ತರುವುದು ವಾಸಿ.